ಕಾಣದ ಒಳಭಾಗಕ್ಕೂ ಚಿನ್ನ

ಮಾನ್ಯರೇ,

ನಾನು ಲಿಂಗರಾಜಪುರದವಳು. ಕನ್ನಡದಲ್ಲಿ ಕವಿತೆ ಬರೆಯುತ್ತೇನೆ, ಸಂಡೇ ಸ್ಕೂಲ್ ಮಕ್ಕಳಿಗೆ ಕ್ರಿಸ್‌ಮಸ್ ನಾಟಕವನ್ನೂ ಬರೆಯುತ್ತೇನೆ. ಕಳಿಸಿದ ಕವಿತೆಗೆ ಎಷ್ಟೋ ಸಲ ಉತ್ತರವೇ ಬರುವುದಿಲ್ಲ. ನಾಟಕ ಮುಗಿದ ಮೇಲೆ ಕೇಕು ಹಂಚುವ ಗಡಿಬಿಡಿ. ಬರೆದವರು ಯಾರು ಅಂತ ಯಾರೂ ಕೇಳುವುದಿಲ್ಲ. ಬೇಜಾರಾಗುತ್ತದೆ, ಅಲ್ವಾ?

ಆಗೆಲ್ಲ ನನಗೆ ಧೈರ್ಯ ಕೊಡುವುದು ಬೈಬಲಿನ ಬೆಚಲೇಲನ ಕಥೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ಅವನ ವಿಷಯ ಬರುತ್ತದೆ. ಅವನು ಪ್ರವಾದಿಯಲ್ಲ, ರಾಜನೂ ಅಲ್ಲ. ಚಿನ್ನ, ಬೆಳ್ಳಿ, ತಾಮ್ರ, ಮರದ ಕೆಲಸ ಬಲ್ಲವನು. ದೇವರು ಅವನ ಹೆಸರು ಹೇಳಿ ಆರಿಸಿಕೊಂಡರು, ತಮ್ಮ ಆತ್ಮದಿಂದ ತುಂಬಿಸಿದರು. ಅವನು ಮಾಡಿದ ಮಂಜೂಷವನ್ನು, ಅಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಡುವ ಪೆಟ್ಟಿಗೆಯನ್ನು, ಆರಾಧನೆಯ ಗುಡಾರದ ಪರದೆಯ ಹಿಂದೆ ಇಟ್ಟರು. ಜನ ಒಳಗೆ ಹೋಗಿ ನೋಡುವ ಹಾಗಿರಲಿಲ್ಲ. ಆದರೂ ಅವನು ಅದಕ್ಕೆ ಹೊರಗೆ ಮಾತ್ರವಲ್ಲ, ಒಳಗೂ ಚೊಕ್ಕ ಚಿನ್ನ ಹೊದಿಸಿದ! ಮುಚ್ಚಳ ಹಾಕಿದರೆ ಯಾರಿಗೂ ಕಾಣದ ಜಾಗ ಅದು. ಇದನ್ನು ಓದಿದಾಗಲೆಲ್ಲ ಮತ್ತೆ ಪೆನ್ನು ಹಿಡಿಯುತ್ತೇನೆ.

ನಂಬಿಕೆ ಇದ್ದರೆ ನೋವೇ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಆಗುತ್ತದೆ. ಆದರೆ ದೇವರು ನೋಡುತ್ತಿದ್ದಾರೆ ಅನ್ನುವುದು ನನಗೆ ಸುಮ್ನೆ ಸಮಾಧಾನದ ಮಾತಲ್ಲ, ಅದರ ಮೇಲೆಯೇ ನನ್ನ ಬರವಣಿಗೆ ನಿಂತಿದೆ.

ಹಾಗಂತ ನಾವು ಒಬ್ಬರನ್ನೊಬ್ಬರು ಗಮನಿಸದೆ ಇರಬೇಕಾಗಿಲ್ಲ. ನಗರದ ಕ್ರೈಸ್ತ ಸಭೆಗಳಿಗೆ ನನ್ನದೊಂದು ಕೋರಿಕೆ. ಈ ಡಿಸೆಂಬರಿನಲ್ಲಿ ನಾಟಕ ಬರೆದವರ, ಪರದೆಗೆ ಬಣ್ಣ ಹಚ್ಚಿದವರ, ಗೋದಲಿ ಕಟ್ಟಿದವರ ಹೆಸರನ್ನು ಒಮ್ಮೆ ಮೈಕಿನಲ್ಲಿ ಹೇಳಿ. ಹೊಸದಾಗಿ ಬರೆಯಲು ಶುರು ಮಾಡಿದ ಮಕ್ಕಳಿಗೆ ಅದು ಜಾಸ್ತಿ ಬೇಕು.

– ಒಬ್ಬ ಓದುಗಿ, ಲಿಂಗರಾಜಪುರ, ಬೆಂಗಳೂರು