ಹಳೆ ಡಬ್ಬ ಕಳಿಸುವ ಮುನ್ನ: ಪೋಷಕರಿಗೆ ಒಂದು ಪತ್ರ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಕೋಲಾರ ತಾಲ್ಲೂಕು

ಮಾನ್ಯ ಪೋಷಕರಿಗೆ ನಮಸ್ಕಾರ.

ಬರುವ ಶನಿವಾರ ನಾಲ್ಕರಿಂದ ಏಳನೇ ತರಗತಿಯವರೆಗಿನ ಮಕ್ಕಳು ಮನೆಯಿಂದ ಒಂದೊಂದು ಹಳೆ ಡಬ್ಬ ತರಬೇಕೆಂದು ಹೇಳಿದ್ದೇವೆ. ಅದಕ್ಕೆ ಮಣ್ಣು ತುಂಬಿ, ಬೀಜ ಹಾಕಿ, ಮೊಳಕೆ ಕಂಡ ಮೇಲೆ ನಿಮ್ಮ ಮನೆಗೇ ಕೊಟ್ಟು ಕಳಿಸುತ್ತೇವೆ. ಈ ಮಾತು ಶಾಲೆಯಿಂದ ಮನೆ ತಲುಪುವಷ್ಟರಲ್ಲಿ "ಹೆಡ್ ಮಿಸ್ ಕುಂಡ ತರೋಕೆ ಹೇಳವ್ರೆ" ಎಂದಾಗಿದೆಯಂತೆ. ದಯವಿಟ್ಟು ಏನನ್ನೂ ಕೊಳ್ಳಬೇಡಿ. ಅಂಗಡಿಯಿಂದ ಹೊಸ ಕುಂಡ ಬಂದರೆ ಅದನ್ನು ಹಾಗೇ ವಾಪಸ್ ಕಳಿಸುತ್ತೇನೆ.

ಆದರೆ ಈ ಪತ್ರ ಬರೆಯುತ್ತಿರುವುದು ಅಷ್ಟಕ್ಕೇ ಅಲ್ಲ. ಡಬ್ಬ ಕೊಡುವ ಮುನ್ನ ಅದರಲ್ಲಿ ಮೊದಲು ಏನಿತ್ತು ಎಂಬುದನ್ನು ನೀವೇ ನೋಡಬೇಕು, ಮಕ್ಕಳಿಗೆ ಬಿಡಬಾರದು. ನಮ್ಮ ಸೀಮೆಯಲ್ಲಿ ಟೊಮೆಟೊ ಇಟ್ಟವರ ಮೋಟಾರ್ ಮನೆಯ ಮೂಲೆಯಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕ ಔಷಧಿಯ ಖಾಲಿ ಬಾಟಲಿ, ಐದು ಲೀಟರಿನ ಕ್ಯಾನು ಇದ್ದೇ ಇರುತ್ತವೆ. ಗಟ್ಟಿ ಪ್ಲಾಸ್ಟಿಕ್ಕು, ಬಿಗಿಯಾದ ಮುಚ್ಚಳ, ಎಸೆಯಲು ಮನಸ್ಸೇ ಬರುವುದಿಲ್ಲ. "ಹಳೇದು ಒಂದು ಡಬ್ಬ" ಅಂದ ಕೂಡಲೇ ಮಕ್ಕಳ ಕೈ ಹೋಗುವುದೂ ಅಲ್ಲಿಗೇ.

ಅವು ಖಂಡಿತ ಬೇಡ. ಮೂರು ಸಲ ತೊಳೆದರೂ, ಸೋಪು ಹಾಕಿ ಉಜ್ಜಿದರೂ, ವರ್ಷವಿಡೀ ಬಿಸಿಲಿನಲ್ಲಿ ಬಿದ್ದಿದ್ದರೂ ಬೇಡ. ತೊಳೆದಾಗ ಹೋಗುವುದು ಮೇಲೆ ಅಂಟಿದ್ದು ಮಾತ್ರ. ಪ್ಲಾಸ್ಟಿಕ್ಕಿನ ಗೋಡೆಯೊಳಗೆ ಇಳಿದದ್ದು ಅಲ್ಲೇ ಉಳಿದು, ಮುಂದೆ ಹಸಿ ಮಣ್ಣಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅದೇ ಮಣ್ಣಿನ ಸೊಪ್ಪು ಮುದ್ದೆಯ ಜೊತೆ ಮಗುವಿನ ತಟ್ಟೆಗೆ ಬರುತ್ತದೆ. ಖಾಲಿ ಡಬ್ಬಗಳು ಮತ್ತೆ ಬಳಕೆಗೆ ಸಿಗುವಂತೆ ಹೊರಗೆ ಬಿಟ್ಟಿರಬಾರದು, ಒಡೆದು ವಸತಿಯಿಂದ ದೂರ ಹೂಳಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ.

ಗುರುತು ಹಿಡಿಯುವುದು ಸುಲಭ. ಔಷಧಿಯ ಚೀಟಿಯ ಮೇಲೆ ಮೂಲೆ ಮೇಲಾಗಿ ನಿಂತ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧಕ್ಕೆ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ. ಕೆಂಪು ಅತಿ ಘೋರ ವಿಷ, ಹಸಿರು ಎಲ್ಲಕ್ಕಿಂತ ಕಡಿಮೆಯದು. ಹಸಿರು ಕಂಡರೆ ಬಿಸ್ಕತ್ ಪೊಟ್ಟಣದ ಸಸ್ಯಾಹಾರಿ ಚುಕ್ಕೆ ಅಂದುಕೊಳ್ಳುವ ಮಕ್ಕಳು ನಮ್ಮಲ್ಲಿದ್ದಾರೆ, ಆದ್ದರಿಂದ ಬಿಡಿಸಿ ಹೇಳುತ್ತಿದ್ದೇನೆ: ನಾಲ್ಕು ಬಣ್ಣವೂ ಬೇಡ. ಚೀಟಿ ಕಿತ್ತುಹೋಗಿ ಏನಿತ್ತೆಂದು ಗೊತ್ತಾಗದ ಡಬ್ಬವೂ ಬೇಡ. ಆಸಿಡ್ ಕ್ಯಾನು, ಬ್ಯಾಟರಿ ಪೆಟ್ಟಿಗೆ, ಎಂಜಿನ್ ಆಯಿಲ್ ಡಬ್ಬ ಇವೂ ಅದೇ ಸಾಲಿಗೆ.

ಬಣ್ಣದ ಬಕೆಟ್ ಬಗ್ಗೆ ಹಲವರು ಕೇಳಿದ್ದೀರಿ. ಗೋಡೆಗೆ ಹಚ್ಚುವ, ನೀರಿನಲ್ಲಿ ಕಲಸುವ ಬಣ್ಣದ್ದಾದರೆ ಒಣಗಿದ ಪದರವನ್ನು ಪೂರ್ತಿ ಸುಲಿದು ತನ್ನಿ, ಅದಕ್ಕೆ ಸೇವಂತಿಗೆಯನ್ನೋ ಕನಕಾಂಬರವನ್ನೋ ಹಾಕೋಣ, ಸೊಪ್ಪು ಬೇಡ. ಆಯಿಲ್ ಪೇಂಟ್, ಪ್ರೈಮರ್, ತಿನ್ನರ್ ಡಬ್ಬ ಅದಕ್ಕೂ ಬೇಡ. ಅಟ್ಟದ ಮೇಲೆ ಎಷ್ಟೋ ಕಾಲದಿಂದ ಇರುವ ಡಬ್ಬಗಳನ್ನು ಮುಟ್ಟಲೇಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸೀಸ ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು.

ಹಾಗಾದರೆ ಇನ್ನೇನು ಉಳಿಯಿತು ಅಂತೀರಾ? ಬೇಕಾದಷ್ಟಿದೆ. ಅಡುಗೆ ಎಣ್ಣೆಯ ತಗಡಿನ ಡಬ್ಬ, ಸೀಳು ಬಿಟ್ಟ ನೀರಿನ ಬಿಂದಿಗೆ, ಹಿಡಿ ಮುರಿದ ಬಕೆಟ್, ತಳ ಸವೆದ ಪಾತ್ರೆ, ಉಪ್ಪಿನಕಾಯಿ ಜಾಡಿ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮುರಿದ ಟೊಮೆಟೊ ಕ್ರೇಟ್. ಒಳಗೆ ಹಳೆ ಗೋಣಿಚೀಲ ಹಾಸಿದರೆ ಸೊಪ್ಪಿಗೆ ಅದಕ್ಕಿಂತ ಒಳ್ಳೆಯ ಮಡಿ ಇಲ್ಲ: ಅಗಲ ಇದೆ, ಆಳ ಸಾಕು, ನೀರು ತಾನಾಗಿ ಬಸಿಯುತ್ತದೆ. ಮಂಡಿಯ ಹೆಸರು ಬರೆದ ಗಟ್ಟಿ ಕ್ರೇಟ್ ಮಾತ್ರ ಕಳಿಸಬೇಡಿ. ಅದು ಮಾರ್ಕೆಟ್ಟಿಗೆ ವಾಪಸ್ ಹೋಗಬೇಕಾದದ್ದು, ಆಮೇಲೆ ಲೆಕ್ಕದಲ್ಲಿ ಜಗಳ ಬರುತ್ತದೆ. ಸಿಮೆಂಟ್ ಚೀಲವೂ ಬೇಡ, ಬಿಸಿಲಿಗೆ ಎಳೆ ಎಳೆಯಾಗಿ ಉದುರಿ ಮಣ್ಣೆಲ್ಲ ಪ್ಲಾಸ್ಟಿಕ್ ದಾರವಾಗುತ್ತದೆ.

ಮೊಬೈಲಿನಲ್ಲಿ ನೋಡಿ ಕೆಲವರು ನೀರಿನ ಬಾಟಲಿಗಳನ್ನು ಕತ್ತರಿಸಿ, ಬಣ್ಣ ಹಚ್ಚಿ, ಗೋಡೆಗೆ ಸಾಲಾಗಿ ಕಟ್ಟುವ ಉತ್ಸಾಹದಲ್ಲಿದ್ದೀರಿ. ಫೋಟೊಗೆ ಚೆನ್ನ. ಕೋಲಾರದ ಬಿಸಿಲಿಗೆ ಅಷ್ಟು ಮಣ್ಣು ಮಧ್ಯಾಹ್ನದೊಳಗೆ ಒಣಗಿ ಹೋಗುತ್ತದೆ, ಗಿಡ ಸತ್ತರೆ ಮಗುವಿನ ಆಸೆಯೂ ಅಲ್ಲಿಗೆ ಮುಗಿಯಿತು. ಮೆಂತ್ಯ, ಕೊತ್ತಂಬರಿ, ದಂಟಿಗೆ ಗೇಣುದ್ದದ ಆಳ ಸಾಕು. ಮೆಣಸಿನಕಾಯಿ, ಬದನೆ, ಟೊಮೆಟೊ ಬೇಕೆಂದರೆ 15-20 ಲೀಟರಿನ ಡಬ್ಬವೇ ಆಗಬೇಕು. ತಗಡಿನ ಡಬ್ಬ ಕಾದು ಅಂಚಿನ ಬೇರು ಬೇಯುತ್ತದೆ, ಸುತ್ತ ಗೋಣಿ ಸುತ್ತಿ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ.

ಮಣ್ಣು ನಾವೇ ಕಲಸುತ್ತೇವೆ. ಬರೀ ಕೆಮ್ಮಣ್ಣು ಡಬ್ಬದಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುವುದರಿಂದ ಅದಕ್ಕೆ ಸಮನಾಗಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ಸೇರಿಸಬೇಕು. ಹಸು ಇರುವವರು ಒಂದು ಮಂಕರಿ ಹಳೆ ಗೊಬ್ಬರ ಕೊಟ್ಟರೆ ಉಪಕಾರ. ಹಸಿ ಸಗಣಿ ಬೇಡ. ತಳಕ್ಕೆ ಜಲ್ಲಿ ತುಂಬುವ ಪದ್ಧತಿಯನ್ನು ಬಿಟ್ಟಿದ್ದೇವೆ, ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ನೀರಿನ ವಿಷಯ ನಿಮಗೆ ಗೊತ್ತಿರುವುದೇ. ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ 2018ರಿಂದ ನಮ್ಮ ಕೆರೆಗಳಿಗೆ ಸಂಸ್ಕರಿಸಿದ ನೀರು ಬರುತ್ತಿದ್ದರೂ ಗಿಡಕ್ಕೆಂದು ನಲ್ಲಿ ತಿರುಗಿಸುವಷ್ಟು ಸಮೃದ್ಧಿ ನಮ್ಮಲ್ಲಿಲ್ಲ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಹಾಕಿ. ಶುದ್ಧ ನೀರಿನ ಘಟಕದಲ್ಲಿ ಪಕ್ಕಕ್ಕೆ ಹರಿದು ಹೋಗುವ ನೀರು ಪುಕ್ಕಟೆ ಎಂದು ಹಿಡಿದು ತರಬೇಡಿ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ, ಡಬ್ಬದ ಮಣ್ಣಿನಿಂದ ಅದು ಸುಲಭಕ್ಕೆ ಹೋಗುವುದಿಲ್ಲ. ಮಣ್ಣಿನ ಮೇಲೆ ಬೆಳ್ಳಗೆ ಹೊಪ್ಪಳೆ ಕಟ್ಟಿದರೆ ಜೋರು ಮಳೆಯಲ್ಲಿ ಡಬ್ಬವನ್ನು ಹೊರಗಿಟ್ಟು ತೊಯ್ಯಲು ಬಿಡಿ.

ಸೊಳ್ಳೆಯ ಬಗ್ಗೆ ಒಬ್ಬ ತಾಯಿ ಎತ್ತಿದ ಆಕ್ಷೇಪ ಸರಿಯಾದದ್ದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು, ಸುಮಾರು ಒಂದು ವಾರದಿಂದ ಹತ್ತು ದಿನದೊಳಗೆ ಹೊಸ ಸೊಳ್ಳೆ ಹಾರುತ್ತದೆ. ಡಬ್ಬದ ಅಡಿಗೆ ತಟ್ಟೆ ಇಡಬೇಡಿ. ಇಡಲೇಬೇಕಾದರೆ ವಾರಕ್ಕೊಮ್ಮೆ ಚೆಲ್ಲಿ ಅಂಚನ್ನು ನಾರಿನಿಂದ ಉಜ್ಜಿ, ಏಕೆಂದರೆ ಒಣಗಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಗಿಡವಿಲ್ಲದ ಡಬ್ಬವನ್ನು ಬೋರಲು ಹಾಕಿ.

ಬೀಜಕ್ಕೂ ಅಂಗಡಿಗೆ ಹೋಗಬೇಡಿ. ಅಡುಗೆಮನೆಯ ಮೆಂತ್ಯ, ಸಾಸಿವೆ, ಎರಡು ಹೋಳು ಮಾಡಿದ ಕೊತ್ತಂಬರಿ ಬೀಜ ಸಾಕು. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುವ ಅಜ್ಜಿಯರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಶನಿವಾರ ಅವರನ್ನೂ ಕಳಿಸಿ. ಅಣ್ಣೆ ಸೊಪ್ಪು, ಗೋಣಿ ಸೊಪ್ಪಿನ ಗುರುತು ನಮ್ಮ ಶಿಕ್ಷಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇದಕ್ಕೆ ಅಂಕ, ಬಹುಮಾನ ಯಾವುದೂ ಇಲ್ಲ.

ಡಬ್ಬಕ್ಕೆ ತೂತು ಹಾಕುವುದು ದೊಡ್ಡವರ ಕೆಲಸ. ಕಿರುಬೆರಳು ತೂರುವಷ್ಟು ನಾಲ್ಕೈದು ತೂತು ತಳದಲ್ಲಿ ಹಾಕಿ, ತಗಡಿನ ಅಂಚು ಬಡಿದು ಮಡಚಿ ಕಳಿಸಿ. ಆಗದಿದ್ದರೆ ಹಾಗೇ ಕಳಿಸಿ, ಇಲ್ಲಿ ಹಾಕಿಕೊಡುತ್ತೇವೆ, ಮಕ್ಕಳ ಕೈಗೆ ಮೊಳೆ, ಸುತ್ತಿಗೆ ಮಾತ್ರ ಕೊಡಬೇಡಿ. ಈ ಪತ್ರದ ಕೆಳಗಿನ ಚೀಟಿಯಲ್ಲಿ ಡಬ್ಬದಲ್ಲಿ ಮೊದಲು ಏನಿತ್ತೆಂದು ಬರೆದು, ಸಹಿ ಮಾಡಿ, ಶುಕ್ರವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ.

ಇತಿ ತಮ್ಮ,
ಮುಖ್ಯ ಶಿಕ್ಷಕಿ