ಹಿಮ್ಮಡಿಯ ಎರಡು ಹನಿ ರಕ್ತ

ಮಾನ್ಯರೇ,

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶು ಮೊದಮೊದಲು ಆರೋಗ್ಯವಾಗಿಯೇ ಕಾಣುತ್ತದೆ. ತಾಯಿಯಿಂದ ಬಂದ ಹಾರ್ಮೋನು ಕೊರತೆಯನ್ನು ಕೆಲಕಾಲ ಮರೆಮಾಚುತ್ತದೆ. ‘ಮಗು ಸಾಧು, ಅಳುವುದೇ ಇಲ್ಲ’ ಎಂದು ಮನೆಯವರು ಹಿಗ್ಗುವ ಹೊತ್ತಿಗೇ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತಿರಬಹುದು. ಇಳಿಯದ ಕಾಮಾಲೆ, ಮಲಬದ್ಧತೆ, ಉಬ್ಬಿದ ಹೊಕ್ಕುಳು, ದಪ್ಪ ನಾಲಿಗೆ ಕಾಣುವವರೆಗೆ ಕಾದರೆ ತಡವಾದಂತೆಯೇ.

ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿ ಚುಚ್ಚಿ ರಕ್ತದಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನು, ಥೈರಾಯ್ಡ್ ಕೊರತೆಯಿದ್ದರೆ ಇದು ಏರುತ್ತದೆ) ನೋಡಬೇಕು. ಮೊದಲ ದಿನವೇ ರಕ್ತ ತೆಗೆದರೆ, ಹೆರಿಗೆಯ ಬೆನ್ನಿಗೆ ಸಹಜವಾಗಿ ಏರುವ ಟಿಎಸ್‌ಎಚ್ ಸುಳ್ಳು ಗಾಬರಿ ಹುಟ್ಟಿಸುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಕೆಲ ವಾರಗಳ ನಂತರ ಇನ್ನೊಮ್ಮೆ ಪರೀಕ್ಷೆ ಬೇಕು. ಕೊರತೆ ಖಚಿತವಾದರೆ ಹುಟ್ಟಿದ ಎರಡು ವಾರದೊಳಗೆ ಲಿವೋಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಕೊರತೆ ತುಂಬುವ ಮಾತ್ರೆ) ಶುರುವಾಗಬೇಕು. ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೋಗ್ರಾಂ.

ಎಡವುವುದು ಹೆಚ್ಚಾಗಿ ಮನೆಯಲ್ಲಿ. ಮಾತ್ರೆ ಪುಡಿಯನ್ನು ಹಾಲಿನ ಬಾಟಲಿಗೆ ಬೆರೆಸಿದರೆ, ಮಗು ಬಿಟ್ಟ ಹಾಲಿನೊಂದಿಗೆ ಔಷಧವೂ ಉಳಿಯುತ್ತದೆ. ಚಮಚದಲ್ಲಿ ಅರೆದು, ಒಂದಿಷ್ಟು ಎದೆಹಾಲು ಅಥವಾ ಕಾಯಿಸಿ ಆರಿಸಿದ ನೀರಿನಲ್ಲಿ ಆಗಲೇ ಕುಡಿಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಹನಿಗಳು ಔಷಧ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನಡುವೆ ನಾಲ್ಕು ಗಂಟೆ ಅಂತರವಿರಲಿ. ವರದಿ ಸರಿಬಂತೆಂದು ಮಾತ್ರೆ ನಿಲ್ಲಿಸುವವರೂ ಇದ್ದಾರೆ, ಸರಿಬಂದದ್ದು ಮಾತ್ರೆಯಿಂದಲೇ! ನಿಲ್ಲಿಸಿ ನೋಡುವ ಪ್ರಯೋಗವೇನಿದ್ದರೂ ಸಾಮಾನ್ಯವಾಗಿ ಮೂರು ವರ್ಷ ತುಂಬಿದ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ.

ತಾಯಿ ಕಾರ್ಡಿನಲ್ಲಿ ಲಸಿಕೆಯ ಪಕ್ಕದಲ್ಲೇ ಟಿಎಸ್‌ಎಚ್ ಫಲಿತಾಂಶಕ್ಕೊಂದು ಕಡ್ಡಾಯ ಕಾಲಂ ಇರಲಿ, ಹೆರಿಗೆಯಾದ ಮರುದಿನವೇ ಮನೆಗೆ ಕಳಿಸುವ ಕಡೆ ಮರುಭೇಟಿಯ ದಿನಾಂಕವೂ ಅಲ್ಲಿಯೇ ಬರೆದಿರಲಿ.

— ಮಕ್ಕಳ ಹಾರ್ಮೋನು ಚಿಕಿತ್ಸೆಯಲ್ಲಿ ತೊಡಗಿರುವ ವೈದ್ಯರು