ಹುತ್ತರಿಗೆ ಸೇರಿದಾಗ ಹೆಸರು ಬರೆದುಕೊಳ್ಳಿ

ಸಂಪಾದಕರೇ,

ಕಳೆದ ಫೆಬ್ರವರಿಯಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಇಂಗ್ಲೆಂಡಿನ ವಯಸ್ಸಾದ ದಂಪತಿ ಮುತ್ತಜ್ಜನ ಸಮಾಧಿ ಹುಡುಕಿಕೊಂಡು ನಮ್ಮೂರಿಗೆ ಬಂದಿದ್ದರು. ನಾನು ತೆಂಗಿನ ನಾರಿನಿಂದ ಕಲ್ಲಿನ ಪಾಚಿ ಉಜ್ಜಿದೆ. ಒಂದೊಂದೇ ಅಕ್ಷರ ಎದ್ದು ಬಂತು. ಆಕೆ ಅದರ ಮೇಲೆ ಬೆರಳಾಡಿಸುತ್ತಾ ಓದಿದರು.

ಅವರ ಮನೆತನ ನಾರ್ಫೋಕ್ ಕಡೆಯ ಹಳ್ಳಿಯದು, ಹೊಲದ ಕೂಲಿಗಳು. ಆದರೂ ಎಲ್ಲರ ಹೆಸರಿದೆ! ಅಲ್ಲಿನ ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣು ಮಾಡಿದ್ದನ್ನು ಬರೆದಿಡಬೇಕೆಂದು 1538ರಲ್ಲೇ ಆಜ್ಞೆಯಾಗಿತ್ತು. 1837ರಿಂದ ಸರ್ಕಾರಿ ನೋಂದಣಿಯೂ ಬಂತು. 1841ರ ಜನಗಣತಿಯಲ್ಲಿ ಮಾತ್ರ ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 38 ಇದ್ದರೆ 35. ಅದಕ್ಕೇ ಚರ್ಚಿನ ಪುಸ್ತಕದ ಜೊತೆ ತಾಳೆ ನೋಡಬೇಕು.

ನಾವು ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ತಪ್ಪದೆ ಎಡೆ ಇಡುತ್ತೇವೆ. ನಾಲ್ಕು ತಲೆಮಾರು ಹಿಂದಿನ ಹೆಸರು ಕೇಳಿದರೆ ತಡವರಿಸುತ್ತೇವೆ, ಅಲ್ವಾ? ನಮ್ಮ ಒಕ್ಕದ (ಮನೆತನದ) ಹೆಸರುಗಳನ್ನು ತಾತ ಬರೆದಿಟ್ಟ ಪುಸ್ತಕ ಗೆದ್ದಲಿಗೆ ಹೋಯಿತು. ಆ ಸಂಕಟ ಇನ್ನೂ ಇದೆ.

ಈ ಹುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಒಕ್ಕದ ಮೂಲ ಮನೆಯಲ್ಲಿ) ಸೇರಿದಾಗ ಹಿರಿಯರ ಪಕ್ಕ ಕೂತು ಬರೆದುಕೊಳ್ಳಿ. ಸೊಸೆಯರ ತವರು ಒಕ್ಕವನ್ನೂ, ಕೊಟ್ಟ ಹೆಣ್ಣುಮಕ್ಕಳ ಹೆಸರನ್ನೂ ಬಿಡಬೇಡಿ.

ಒಬ್ಬ ಕಾಫಿ ಬೆಳೆಗಾರ, ಪಾಲಿಬೆಟ್ಟ